ಇಪ್ಪತ್ತೆರಡು ವರ್ಷದ ವೈನೂ ನನ್ನ ಮೂಗೂ

ಹೋದ ವಾರ ಅಂಗಿಯನ್ನು ಒಗೆಯಲು ಹಾಕುವ ಮೊದಲು ಜೇಬು ತಡಕಿದಾಗ ಬಾಟಲಿಯ ಬಿರಡೆಯೊಂದು ಸಿಕ್ಕಿತು. ಕಿರುಬೆರಳಿನಷ್ಟು ಉದ್ದ, ಒಂದು ತುದಿಗೆ ಹಳೆ ರಕ್ತದ ಬಣ್ಣ, ಮೈಮೇಲೆ ನನಗೆ ಅರ್ಥವಾಗದ ಸ್ಪ್ಯಾನಿಷ್ ಪದಗಳು. ಕದ್ದು ತಂದದ್ದೇನಲ್ಲ. ನನ್ನ ಹೆಂಡತಿಯ ತಮ್ಮ ನಾಗರಾಜ ಎರಡೂ ಕೈಯಲ್ಲಿ ಹಿಡಿದು, ಮಠದಲ್ಲಿ ಪ್ರಸಾದ ಕೊಡುವ ಹಾಗೆ ಕೊಟ್ಟದ್ದು. “ಮೊದಲು ಇದನ್ನ ಮೂಸಿ ಭಾವ” ಎಂದಿದ್ದ. ನಾನು ಮೂಸಿದ ಹಾಗೆ ಮಾಡಿ ಜೇಬಿಗೆ ಹಾಕಿಕೊಂಡಿದ್ದೆ. ಮೂಸಿದ ಹಾಗೆ ಮಾಡಿದೆ ಎಂದೆನಲ್ಲ, ಅದನ್ನು ದಯವಿಟ್ಟು ಗಮನಿಸಿ. ನಾನು ಹೇಳಹೊರಟಿರುವ ಗೋಳೆಲ್ಲ ಅಲ್ಲೇ ಇದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮಾಗಡಿ ರಸ್ತೆಯ ಆಚೀಚೆ ಇದ್ದ ಹಲವು ಊದುಬತ್ತಿ ಕಾರ್ಖಾನೆಗಳಲ್ಲಿ ಒಂದರಲ್ಲಿ ಮೂವತ್ತೊಂದು ವರ್ಷ ಸುಗಂಧ ಬೆರೆಸುವ ಕೆಲಸ ಮಾಡಿದವನು ನಾನು. ಮಲ್ಲಿಗೆಯ ಜೊತೆ ಎಷ್ಟು ಗಂಧ ಸೇರಬೇಕು, ಗಂಧದ ಜೊತೆ ಎಷ್ಟು ಸಾಂಬ್ರಾಣಿ ಸೇರಿದರೆ ಕೆಡುತ್ತದೆ ಎಂದು ಹೇಳುವುದು ನನ್ನ ಕೆಲಸ. ತೂಕಕ್ಕೆ ಯಂತ್ರವಿತ್ತು, ಕೊನೆಯ ಮಾತು ಮಾತ್ರ ನನ್ನ ಮೂಗಿನದು. ಮಾಲೀಕರು ಹೊರಗಿನವರಿಗೆ “ಇವರು ನಮ್ಮ ಮೂಗಿನ ಶಿವಣ್ಣ” ಎಂದೇ ಪರಿಚಯ ಮಾಡಿಸುತ್ತಿದ್ದರು. ಈಗ ಶ್ರೀಗಂಧದ ಕಾವಲಿನಲ್ಲಿ ಮನೆ. ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದೇನೆ, ಒಂದೇ ಒಂದು ಶ್ರೀಗಂಧದ ಗಿಡ ಕಂಡಿಲ್ಲ. ಬರೀ ಹೆಸರಿನ ಮೇಲೆ ಬದುಕುವುದು ಹೇಗೆಂದು ನಾನು ಈ ಬಡಾವಣೆಯಿಂದಲೇ ಕಲಿತಿರಬೇಕು.

ಏಕೆಂದರೆ ಮೂರು ವರ್ಷದ ಹಿಂದೆ ನನಗೊಂದು ಜ್ವರ ಬಂತು. ಐದು ದಿನ ಇತ್ತು, ಹೋಗುವಾಗ ವಾಸನೆಯನ್ನೆಲ್ಲ ಕಟ್ಟಿಕೊಂಡು ಹೋಯಿತು. ಕರ್ಪೂರವೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ, ಒಗರು ಇಷ್ಟು ಮಾತ್ರ ಉಳಿದವು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾದೆ. ಕಾಯುತ್ತಿದ್ದವನು ಯಾರಿಗೂ ಹೇಳಲಿಲ್ಲ. ಹೇಳದೆ ಒಂದು ತಿಂಗಳಾಯಿತು, ಆಮೇಲೆ ಹೇಳುವುದಕ್ಕೆ ನಾಚಿಕೆಯಾಯಿತು. ಹೆಂಡತಿ ಗಿರಿಜಾಳಿಗೂ ಹೇಳಲಿಲ್ಲ. ರಿಟೈರಾದವನಿಗೆ ಕುರ್ಚಿ ಇರುವುದಿಲ್ಲ, ಸಹಿ ಹಾಕುವ ಕಾಗದವಿರುವುದಿಲ್ಲ. ನನಗೆ ಇದ್ದದ್ದು ಮೂಗಿನ ಶಿವಣ್ಣ ಎಂಬ ಹೆಸರೊಂದೇ. ಅದೂ ಹೋದರೆ ನಾನು ಬರೀ ಶಿವಣ್ಣ, ಅಂಥವರು ನಮ್ಮ ಅಡ್ಡರಸ್ತೆಯಲ್ಲೇ ನಾಲ್ವರಿದ್ದಾರೆ.

ಸುಳ್ಳನ್ನು ಸಾಕುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಪಕ್ಕದ ಮನೆಯಾಕೆ ಸಂತೆಯಲ್ಲಿ ಕೊಂಡ ತುಪ್ಪ ತಂದು “ಅಂಕಲ್, ಇದು ಒರಿಜಿನಲ್ಲಾ ನೋಡಿ” ಎಂದರೆ, ಮೊದಲು ಆಕೆಯ ಮುಖ ನೋಡಬೇಕು. ಅನುಮಾನದಿಂದ ತಂದಿದ್ದರೆ ನಾನೂ ಅನುಮಾನ ಪಡುತ್ತೇನೆ, ಹೆಮ್ಮೆಯಿಂದ ತಂದಿದ್ದರೆ ತಲೆದೂಗುತ್ತೇನೆ. ಮಧ್ಯೆ ಅಂಗಿಯ ತೋಳನ್ನು ಒಮ್ಮೆ ಮೂಸಿದರೆ ಮುಗಿಯಿತು. ಇದು ನಮ್ಮ ಕಸುಬಿನ ಪದ್ಧತಿ: ಒಂದು ವಾಸನೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಮೂಗು ತೊಳೆದುಕೊಳ್ಳಲು ಸ್ವಂತ ತೋಳನ್ನು ಮೂಸುತ್ತೇವೆ. ಅದಕ್ಕಾಗಿ ಗಿರಿಜಾ ನನ್ನ ಅಂಗಿಗಳನ್ನು ಸೋಪು ಮುಟ್ಟಿಸದೆ ಅಂಟುವಾಳದ ನೀರಿನಲ್ಲಿ ಬೇರೆಯಾಗಿ ಒಗೆಯುತ್ತಿದ್ದಳು. ಆ ಜ್ವರದ ನಂತರವೂ ಹಾಗೇ ಒಗೆಯುತ್ತಿದ್ದಳು, ನಾನು ಬೇಡವೆನ್ನಲಿಲ್ಲ.

ಚಿಕ್ಕಂದಿನಿಂದಲೂ ಈ ಮೂಗು ನನಗೆ ಮರ್ಯಾದೆ ಕೊಟ್ಟಷ್ಟೇ ಪೆಟ್ಟನ್ನೂ ಕೊಡಿಸಿದೆ. ರಾಜಾಜಿನಗರದಲ್ಲಿ ನಮ್ಮದು ಹೆಂಚಿನ ವಠಾರದ ಮನೆ. ಗಾಳಿ ಒಂದು ಕಡೆಯಿಂದ ಬೀಸಿದರೆ ಸೋಪಿನ ವಾಸನೆ, ಇನ್ನೊಂದು ಕಡೆಯಿಂದ ಬೀಸಿದರೆ ಲೇತ್ ಮೆಷಿನ್ನಿನ ಎಣ್ಣೆ. ಹಾಲು ಒಡೆಯುತ್ತದೋ ಇಲ್ಲವೋ ಎಂದು ಕಾಯಿಸುವ ಮೊದಲೇ ಹೇಳುತ್ತೇನೆಂದು ಅಮ್ಮ ನನ್ನನ್ನು ವಠಾರಕ್ಕೆಲ್ಲ ಎರವಲು ಕೊಡುತ್ತಿದ್ದಳು. ನನಗೆ ಎಂಟು ವರ್ಷವಿದ್ದಾಗ ಅಕ್ಕನ ಮಗುವಿನ ನಾಮಕರಣಕ್ಕೆ ದಾವಣಗೆರೆಯಿಂದ ದೊಡ್ಡಪ್ಪ ಬಂದಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಉಪದೇಶ. ನನ್ನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. “ದೊಡ್ಡಪ್ಪಂಗೆ ಯಾರೋ ಬಾಯೊಳಗೆ ಇಂಜೆಕ್ಷನ್ ಕೊಟ್ಟಿದಾರೆ” ಎಂದು ನಾನು ಜಗಲಿಗೆಲ್ಲ ಕೇಳುವ ಹಾಗೆ ಹೇಳಿದೆ. ಆಸ್ಪತ್ರೆಯ ಸ್ಪಿರಿಟ್ ಬಿಟ್ಟರೆ ಆ ವಾಸನೆಗೆ ನನ್ನ ಬಳಿ ಬೇರೆ ಹೆಸರಿರಲಿಲ್ಲ. ದೊಡ್ಡಪ್ಪ ಊಟ ಮಾಡದೆ ಹೊರಟರು, ಅಪ್ಪ ನನ್ನ ಬೆನ್ನು ಮುರಿದರು. ಮದ್ಯದ ವಿಷಯದಲ್ಲಿ ನನ್ನ ಅನುಭವ ಅಲ್ಲಿಗೆ ನಿಂತಿತ್ತು, ನಾಗರಾಜನ ಫೋನು ಬರುವವರೆಗೆ.

ನಾಗರಾಜನಿಗೆ ಟೈಲ್ಸ್ ಅಂಗಡಿ ಇದೆ, ಬಸವೇಶ್ವರನಗರದಲ್ಲಿ ಮೂರು ಅಂತಸ್ತಿನ ಮನೆ ಇದೆ, ಇವೆರಡೂ ಸಾಲದೆ ಎರಡು ವರ್ಷದಿಂದ ಅಭಿರುಚಿಯೂ ಬಂದುಬಿಟ್ಟಿದೆ. ಮೊದಲು ಬಂದದ್ದು ಕಾಫಿಯ ಅಭಿರುಚಿ. ಆಗ ಅವನ ಮನೆಯಲ್ಲಿ ಒಂದು ಲೋಟ ಕಾಫಿಗೆ ಅರ್ಧ ಗಂಟೆ ಕಾಯಬೇಕಾಗುತ್ತಿತ್ತು, ಬಂದದ್ದು ಕಷಾಯದಂತಿರುತ್ತಿತ್ತು. ಆಮೇಲೆ ವೈನು. ಆನ್‌ಲೈನಿನಲ್ಲಿ ಏನೋ ಕೋರ್ಸು ಮುಗಿಸಿ, ಅದರ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ. ಎಸ್ಸೆಸ್ಸೆಲ್ಸಿಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿದವನಿಗೆ ಅದರ ಸಂಭ್ರಮ ಇರಲಿ ಎಂದು ನಾವೂ ಸುಮ್ಮನಿದ್ದೆವು.

“ಭಾವ, ಭಾನುವಾರ ನಾಲ್ಕು ಗಂಟೆಗೆ ನೀವು ಬರ್ಲೇಬೇಕು” ಎಂದ ಫೋನಿನಲ್ಲಿ. “ಸ್ಪೇನಿಂದ ಒಂದು ಬಾಟ್ಲಿ ತರಿಸಿದೀನಿ. ಇಪ್ಪತ್ತೆರಡು ವರ್ಷದ್ದು. ಹಳೇ ಪದ್ಧತಿಲಿ ಮಾಡಿದ್ದು, ಪೀಪಾಯಿಲಿ ವರ್ಷಗಟ್ಟಲೆ ಇಟ್ಟು, ಆಮೇಲೆ ಬಾಟ್ಲಿಲಿ ವರ್ಷಗಟ್ಟಲೆ ಇಟ್ಟು. ನಮ್ಮ ಗ್ರೂಪ್ನಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ, ನಮ್ಮ ಭಾವನ ಮೂಗಿಗೆ ಇಡೀ ಬೆಂಗಳೂರಲ್ಲಿ ಜೋಡಿ ಇಲ್ಲ ಅಂತ.”

ಬರುವುದಿಲ್ಲ ಎನ್ನಬೇಕಿತ್ತು. ಜೋಡಿ ಇಲ್ಲ ಎಂದನಲ್ಲ, ಅಲ್ಲಿ ಬಿದ್ದೆ.

ಬರುವವರಿಗೆ ಕಟ್ಟಳೆಗಳಿದ್ದವು. ಸೆಂಟು ಹಾಕಿಕೊಳ್ಳಬಾರದು. ಪೌಡರು ಬೇಡ. ಅವನ ಅಕ್ಕ ಮಲ್ಲಿಗೆ ಮುಡಿಯಬಾರದು. ಗಿರಿಜಾ ಇದನ್ನು ಲೆಕ್ಕಿಸದೆ ಮುಡಿದೇ ಬಂದಳು, ನಾಗರಾಜ ಬಾಗಿಲಲ್ಲೇ ತೆಗೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿಸಿ ಗಂಟು ಕಟ್ಟಿದ. “ತಮ್ಮನ ಮನೆಗೆ ಬಂದು ಹೂವು ತೆಗೆಯೋ ಹಂಗಾಯ್ತಲ್ಲೋ” ಎಂದು ಅವಳು ಗೊಣಗಿದಳು. ದೇವರ ಮುಂದೆ ಊದುಬತ್ತಿ ಹಚ್ಚುವುದನ್ನು ರುಚಿ ನೋಡುವುದು ಮುಗಿಯುವವರೆಗೆ ನಿಲ್ಲಿಸಲಾಗಿತ್ತು, ಅದೂ ಊದುಬತ್ತಿಯ ಅನ್ನ ತಿಂದು ಬದುಕಿದ ನಾನು ಬರುವ ದಿನ. ಅಡುಗೆಮನೆಯಲ್ಲಿ ಐದು ಗಂಟೆಯವರೆಗೆ ಒಗ್ಗರಣೆ ಹಾಕುವಂತಿಲ್ಲ. ಒಗ್ಗರಣೆಗೆ ನಿಷೇಧ ಹೇರಿದ ಲಿಂಗಾಯತರ ಮನೆಯನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಮೇಲಿನ ಹಾಲಿನಲ್ಲಿ ಆರೇಳು ಜನ ಕೂತಿದ್ದರು. ಅವರಲ್ಲಿ ಇಬ್ಬರದೇ ಗಟ್ಟಿ ಬಾಯಿ: ವಿಜಯನಗರದ ಒಬ್ಬ ಹಲ್ಲಿನ ಡಾಕ್ಟರು, ಇನ್ನೊಬ್ಬ ಕೆಂಗೇರಿಯಲ್ಲಿ ಸೈಟುಗಳನ್ನು ಮಾರಿ ಈಗ ಏನೂ ಮಾಡದೆ ಇರುವ ಪುಟ್ಟಸ್ವಾಮಿ. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಬಾಟಲಿ. ನಾಗರಾಜ ಬಿರಡೆ ಕಿತ್ತು ನನ್ನ ಕೈಗೆ ಕೊಟ್ಟ ಮೇಲೆ ಮೊಬೈಲಿನ ಟಾರ್ಚು ಹಚ್ಚಿ ಬಾಟಲಿಯ ಕುತ್ತಿಗೆಗೆ ಹಿಡಿದುಕೊಂಡು, ತಳದ ಗಷ್ಟು ಏಳದ ಹಾಗೆ ಇನ್ನೊಂದು ಗಾಜಿನ ಹೂಜಿಗೆ ಬಗ್ಗಿಸಿದ. ಅಷ್ಟು ಹೊತ್ತೂ ಯಾರೂ ಉಸಿರಾಡಲಿಲ್ಲ. ನಮ್ಮ ಅಮ್ಮ ದಿನಕ್ಕೆರಡು ಸಲ ಅನ್ನದ ಗಂಜಿ ಬಗ್ಗಿಸುವಾಗ ಇದಕ್ಕಿಂತ ಜಾಣತನ ತೋರಿಸುತ್ತಿದ್ದಳು, ನಾವ್ಯಾರೂ ಕತ್ತು ಚಾಚಿ ನೋಡಿದವರಲ್ಲ.

ಲೋಟದಲ್ಲಿ ಕಾಲು ಭಾಗವೂ ಇರಲಿಲ್ಲ. ಅದನ್ನು ಓರೆ ಮಾಡಿ ಬಿಳಿ ಬಟ್ಟೆಯ ಮೇಲೆ ಹಿಡಿದು, “ಅಂಚು ನೋಡಿ, ಇಟ್ಟಿಗೆ ಬಣ್ಣ. ಅದು ವಯಸ್ಸಿನ ಲಕ್ಷಣ” ಎಂದ ನಾಗರಾಜ. ಆಮೇಲೆ ಗರಗರ ತಿರುಗಿಸಬೇಕಂತೆ. ಏಳು ಜನ ದೊಡ್ಡ ಮನುಷ್ಯರು ಕೂತಲ್ಲೇ ಲೋಟ ತಿರುಗಿಸತೊಡಗಿದರು. ಪುಟ್ಟಸ್ವಾಮಿಯವರು ಜೋರಾಗಿ ತಿರುಗಿಸಿ ಅಂಗಿಯ ಮೇಲೆ ಚೆಲ್ಲಿಕೊಂಡು, ಏನೂ ಆಗದವರ ಹಾಗೆ ಕಿಟಕಿ ನೋಡಿದರು.

ಇನ್ನು ಮೂಸುವ ಸರದಿ. “ಚರ್ಮ” ಎಂದರು ಡಾಕ್ಟರು ಕಣ್ಣು ಮುಚ್ಚಿ. “ತಂಬಾಕು” ಎಂದ ನಾಗರಾಜ. “ಹಳೇ ಲೈಬ್ರರಿ” ಎಂದರು ಪುಟ್ಟಸ್ವಾಮಿ. ಅವರು ಲೈಬ್ರರಿಯ ಒಳಗೆ ಹೋದದ್ದು ಅಲ್ಲಿ ಮತಗಟ್ಟೆ ಇದ್ದಾಗ ಮಾತ್ರ ಎಂದು ನನ್ನ ಅಂದಾಜು. ಸೀಡರ್ ಮರ, ಒಣ ಅಂಜೂರ, ಅಣಬೆ, ನೆಲಮಾಳಿಗೆ ಎಂದು ಪಟ್ಟಿ ಬೆಳೆಯುತ್ತಲೇ ಹೋಯಿತು, ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಂಜೂರವೊಂದನ್ನು ಬಿಟ್ಟರೆ ಇವೆಲ್ಲ ಚಿಕ್ಕಂದಿನಲ್ಲಿ ಬಾಯಿಗೆ ಹಾಕಿಕೊಂಡಿದ್ದರೆ ಅಮ್ಮ ಬೆರಳು ಹಾಕಿ ಕಕ್ಕಿಸುತ್ತಿದ್ದ ಪದಾರ್ಥಗಳು. ನಮ್ಮ ಅಟ್ಟದ ಮೇಲೆ ನನ್ನಷ್ಟೇ ವಯಸ್ಸಾದ ನಿಂಬೆ ಉಪ್ಪಿನಕಾಯಿಯ ಭರಣಿಯೊಂದಿತ್ತು, ಕಪ್ಪಗೆ ಡಾಂಬರಿನಂತಾಗಿತ್ತು. ಹೊಟ್ಟೆ ಕೆಟ್ಟಾಗ ಒಂದು ಚೂರನ್ನು ನಾಲಿಗೆಗೆ ಸವರಿ ‘ನುಂಗು’ ಎನ್ನುತ್ತಿದ್ದರು, ಅಷ್ಟೇ. ಅದರ ಮುಂದೆ ಕೂತು ಯಾರೂ ಭಾಷಣ ಮಾಡಿದ್ದಿಲ್ಲ.

“ಈಗ ಭಾವ ಹೇಳ್ಲಿ” ಎಂದ ನಾಗರಾಜ. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ತೋಳು ಮೂಸಿದೆ. ಆ ಒಂದು ಚೇಷ್ಟೆಗೇ ಅವರೆಲ್ಲ ಸೋತುಹೋದರು, ಡಾಕ್ಟರು ಪುಟ್ಟಸ್ವಾಮಿಯವರಿಗೆ ಕಣ್ಣಲ್ಲೇ ತೋರಿಸಿದರು. ಲೋಟಕ್ಕೆ ಮೂಗು ಇಳಿಸಿದೆ. ತಣ್ಣನೆಯ ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದೆ, ಗೋಡೆ ಮೂಸಿದ ಹಾಗಿತ್ತು. ಒಂದು ಗುಟುಕು ಕುಡಿದೆ. ಹುಳಿ, ಹಸಿ ಅಡಿಕೆಯ ಒಗರು, ಅಲ್ಲಿಗೆ ನನ್ನ ಸರಕು ಮುಗಿಯಿತು. ಅಷ್ಟನ್ನೇ ಹೇಳಿದ್ದರೆ ಮರ್ಯಾದೆ ಉಳಿಯುತ್ತಿತ್ತು. “ಹಳೇ ದೇವಸ್ಥಾನದ ಗರ್ಭಗುಡಿ” ಎಂದೆ. “ಬಹಳ ದಿನ ಮುಚ್ಚಿ, ಈಗ ತಾನೆ ಬಾಗಿಲು ತೆಗೆದಿದ್ದು. ಎಣ್ಣೆ ಆರಿದ ದೀಪ. ಬಹಳ ದೊಡ್ಡ ಮಾಲು ನಾಗರಾಜ, ಇದು.”

ಹಾಲಿನಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. “ಗರ್ಭಗುಡಿ” ಎಂದು ಡಾಕ್ಟರು ಮೆಲ್ಲಗೆ ಹೇಳಿಕೊಂಡರು. ಬರೆದುಕೊಳ್ಳುವವರು ಬರೆದುಕೊಂಡರು. ಆಮೇಲೆ ಎಲ್ಲರಿಗೂ ಗರ್ಭಗುಡಿಯೇ ಬಂತು. ಇಂಥ ದಡ್ಡರಿಗೆ ಮೋಸ ಮಾಡಿದರೆ ಪಾಪವಿಲ್ಲ ಎಂದು ನಾನು ಕಾಲ ಮೇಲೆ ಕಾಲು ಹಾಕಿಕೊಂಡೆ.

ಆಗ ಜಯಮ್ಮ ಉಪ್ಪಿಲ್ಲದ ಬಿಸ್ಕತ್ತಿನ ತಟ್ಟೆ ಹಿಡಿದು ಮೇಲೆ ಬಂದಳು. ನನ್ನನ್ನು ಕಂಡು, “ಸಾರ್, ನೀವಾ” ಎಂದು ಮುಖ ಅರಳಿಸಿದಳು. ಲಗ್ಗೆರೆಯವಳು. ನಮ್ಮ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಹನ್ನೆರಡು ವರ್ಷ ಇದ್ದಳು, ಈಗ ನಾಗರಾಜನ ಮನೆಯಲ್ಲಿ ಅಡುಗೆಗೆ ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅವಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಒಂದು ಮಳೆಗಾಲ ಗೋಡೌನು ಸೋರಿ ರಟ್ಟಿನ ಡಬ್ಬಗಳು ನೆಂದಿದ್ದವು. ಯಾರೋ ಒಣಗಿಸಿ ಮತ್ತೆ ಜೋಡಿಸಿದ್ದರು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನಾನು ಅವಸರದಲ್ಲಿ ಪಾಸು ಮಾಡಿದ್ದ ಸರಕದು. ಜಯಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ಸಾರ್, ರಟ್ಟು ನೆಂದಿದೆ, ಬತ್ತಿಗೆಲ್ಲಾ ಹಿಡ್ದಿದೆ” ಎಂದಳು. ಹೋಗಿ ನೋಡಿದರೆ ನಿಜ. ಸರಕು ನಿಲ್ಲಿಸಿದೆವು. ಮಾಲೀಕರು ನನ್ನ ಬೆನ್ನು ತಟ್ಟಿದರು. ಯಾರು ಹೇಳಿದ್ದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇಜಿನ ಮೇಲೆ ತಟ್ಟೆ ಇಟ್ಟು ತಿರುಗುವಾಗ ಜಯಮ್ಮ ಮೂಗು ಸುಕ್ಕಿಸಿದಳು. ಡಾಕ್ಟರಿಗೆ ಅದು ತಮಾಷೆಯಾಗಿ ಕಂಡಿತು. “ಬನ್ನಿ ಜಯಮ್ಮ, ನೀವೂ ಒಂದು ಸಲ ನೋಡ್ಬಿಡಿ, ಸ್ಪೇನ್ ದೇಶದ್ದು” ಎಂದು ತಮ್ಮ ಲೋಟ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ. ಬಗ್ಗಿ, ಒಂದೇ ಒಂದು ಸಲ ಉಸಿರೆಳೆದಳು.

“ಇದು ಕೆಟ್ಟೋಗಿದೆ ಸಾರ್. ನೆಂದ ರಟ್ಟಿನ ವಾಸ್ನೆ ಹೊಡೀತಿದೆ.”

ಎಲ್ಲರೂ ನಕ್ಕರು. ನಾಗರಾಜ ನಗಲಿಲ್ಲ. “ಏ ಜಯಮ್ಮ, ಇಪ್ಪತ್ತೆರಡು ವರ್ಷದ್ದು ಕಣಮ್ಮ ಅದು, ನಿಂಗೇನು ಗೊತ್ತಾಗುತ್ತೆ. ಭಾವನೇ ಮೂಸಿ ದೊಡ್ಡ ಮಾಲು ಅಂತ ಹೇಳಿದಾರೆ. ಹೋಗು, ಕೆಳಗೆ ಹೋಗು.”

ಜಯಮ್ಮ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಸಾರ್ ಮೂಸಿದ್ರಾ” ಎಂದಳು. “ಹಂಗಾದ್ರೆ ಸರಿಯಾಗೇ ಇರುತ್ತೆ ಬಿಡಿ. ನನ್ನ ಮೂಗೇ ಕೆಟ್ಟಿರ್ಬೇಕು. ವಯಸ್ಸಾಯ್ತಲ್ಲ.”

ಅವಳು ಮೆಟ್ಟಿಲ ಹತ್ತಿರ ಹೋಗುವವರೆಗೂ ನಾನು ಕಾಲ ಮೇಲೆ ಕಾಲು ಹಾಕಿಕೊಂಡೇ ಇದ್ದೆ. ಹೇಳಿದರೆ ನಾಗರಾಜನ ಎದುರು, ಈ ಡಾಕ್ಟರ ಎದುರು, ಎಲ್ಲಕ್ಕಿಂತ ಹೆಚ್ಚಾಗಿ ಮೂಲೆಯ ಸೋಫಾದಲ್ಲಿ ಕೂತಿದ್ದ ಗಿರಿಜಾಳ ಎದುರು ನನ್ನ ಹೆಸರು ಮಣ್ಣುಪಾಲು. ಹೇಳದಿದ್ದರೆ ಈ ಹೆಂಗಸು ಇವತ್ತಿನಿಂದ ತನ್ನ ಸರಿಯಾದ ಮೂಗನ್ನು ನಂಬುವುದಿಲ್ಲ. ಈ ಮೂರು ವರ್ಷದಲ್ಲಿ ಅಂಥ ನಷ್ಟ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ.

“ಜಯಮ್ಮ, ನಿಂತ್ಕೊಳ್ಳಿ” ಎಂದೆ. “ನೀವು ಹೇಳಿದ್ದೇ ಸರಿ. ನಾಗರಾಜ, ನನಗೆ ವಾಸನೆ ಗೊತ್ತಾಗಲ್ಲ. ಮೂರು ವರ್ಷ ಆಯ್ತು, ಆ ಜ್ವರ ಬಂತಲ್ಲ, ಆವತ್ತಿಂದ. ಗರ್ಭಗುಡಿ ಗಿರ್ಭಗುಡಿ ಎಲ್ಲಾ ಬಾಯಿಗೆ ಬಂದಿದ್ದು ಹೇಳಿದೆ. ಕಾರ್ಖಾನೆಲಿ ರಟ್ಟು ನೆಂದಿದ್ದನ್ನ ಹಿಡಿದೋರೂ ಇವರೇ, ಹೆಸರು ನಾನು ತಗೊಂಡೆ.”

“ಭಾವ ತಮಾಷೆ ಮಾಡ್ತಿದಾರೆ” ಎಂದ ನಾಗರಾಜ. ಯಾರೂ ನಗಲಿಲ್ಲ. ಡಾಕ್ಟರು ಮೆಲ್ಲಗೆ ಲೋಟ ಎತ್ತಿ ಮತ್ತೆ ಮೂಸಿದರು. “ನಿಜ ಹೇಳ್ಬೇಕು ಅಂದ್ರೆ, ನಂಗೆ ಆಗ್ಲೇ ಡೌಟ್ ಬಂದಿತ್ತು” ಎಂದರು. “ನಂಗೂ ಅಷ್ಟೇ” ಎಂದರು ಪುಟ್ಟಸ್ವಾಮಿ, “ಏನೋ ರಟ್ಟು ರಟ್ಟು ಅನ್ನಿಸ್ತಾನೇ ಇತ್ತು.” ಒಂದು ನಿಮಿಷದ ಹಿಂದೆ ಗರ್ಭಗುಡಿಗೆ ಕೈಮುಗಿದಿದ್ದ ಮಂದಿಯೆಲ್ಲ ರಟ್ಟಿನ ವಾಸನೆಯನ್ನು ಮೊದಲೇ ಹಿಡಿದಿದ್ದವರಾದರು. ಮೊಬೈಲು ತೆಗೆದು ಓದಿದವರೊಬ್ಬರು, ಬಿರಡೆ ಕೆಟ್ಟರೆ ವೈನಿಗೆ ಥೇಟ್ ಇದೇ ವಾಸನೆ ಬರುತ್ತದಂತೆ, ಇದು ಜಗತ್ತಿಗೆಲ್ಲ ಗೊತ್ತಿರುವ ವಿಷಯವಂತೆ ಎಂದು ಹೇಳಿದರು. ಕೋರ್ಸಿನಲ್ಲೂ ಇದೆ ಎಂದ ನಾಗರಾಜ, ಯಾರ ಮುಖವನ್ನೂ ನೋಡದೆ. ಕೋರ್ಸು ಮಾಡಿದವನು, ಹಲ್ಲು ಕೀಳುವವರು, ಸೈಟು ಮಾರಿದವರು ಯಾರಿಗೂ ತಿಳಿಯದ್ದು ಒಗ್ಗರಣೆಗೆ ಕಾಯುತ್ತಿದ್ದ ಜಯಮ್ಮನಿಗೆ ಒಂದೇ ಉಸಿರಿಗೆ ತಿಳಿದಿತ್ತು. ಅವಳು ಮಾತ್ರ ಏನೂ ಗೆದ್ದವಳಂತೆ ಕಾಣಲಿಲ್ಲ. “ಅಯ್ಯೋ ಸಾರ್, ಮೂರು ವರ್ಷದಿಂದ್ಲಾ” ಎಂದು ನನ್ನ ಹತ್ತಿರ ಬಂದು ನಿಂತಳು. ಮೂಗು ಹೋದದ್ದಕ್ಕೆ ಮರುಗಿದವಳು ಅಲ್ಲಿ ಅವಳೊಬ್ಬಳೇ.

ಮನೆಗೆ ಬರುವಾಗ ಗಿರಿಜಾ ಆಟೋದಲ್ಲಿ ಹೊರಗೆ ನೋಡುತ್ತ ಕೂತಿದ್ದಳು. ಮಾಗಡಿ ರಸ್ತೆಗೆ ತಿರುಗಿದ ಮೇಲೆ, “ಹಂಗಾದ್ರೆ ದಿನಾ ಸಾರು ಘಂ ಅಂತಿದೆ, ಘಂ ಅಂತಿದೆ ಅಂತಿದ್ರಲ್ಲ, ಅದು” ಎಂದು ಕೇಳಿದಳು.

“ಮೂರು ವರ್ಷ ನೀವು ನನ್ನ ಹತ್ರನೂ ವೈನು ಕುಡಿಯೋರ ಥರ ಮಾತಾಡಿದ್ರಿ” ಎಂದಳು.

ಆ ಡಾಕ್ಟರನ್ನೂ ಪುಟ್ಟಸ್ವಾಮಿಯನ್ನೂ ಅಷ್ಟು ಹೊತ್ತು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರಾದರೂ ಒಂದು ಬಾಟಲಿಯ ಮುಂದೆ ಒಂದು ಸಂಜೆ ಸುಳ್ಳು ಹೇಳಿದವರು. ನಾನು ಹೆಂಡತಿ ಒಲೆಯ ಮುಂದೆ ಬೆವರಿ ಮಾಡಿದ ಅಡುಗೆಯ ಮುಂದೆ ಮೂರು ವರ್ಷ ಹೇಳಿದ್ದೆ. ಅವಳು ಅದನ್ನು ನಂಬಿ ದಿನವೂ ಸೌಟು ಹಿಡಿದು ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದಳು.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತೆ. ಗಿರಿಜಾ ಅನ್ನದ ಮೇಲೆ ಸಾರು ಬಡಿಸಿ ಎಂದಿನಂತೆ ನಿಂತಳು, ಈ ಸಲ ನನ್ನ ಮುಖ ನೋಡಲಿಲ್ಲ. ಕಲಸಿ ಒಂದು ತುತ್ತು ತಿಂದೆ.

“ಬಿಸಿಯಾಗಿದೆ” ಎಂದೆ.

“ಹೂಂ, ಅದು ನಿಜ” ಎಂದಳು. ಇನ್ನೊಂದು ಸೌಟು ಬಡಿಸಿದಳು.